ಮನೆಯೊಳಕ್ಕೆ ತಂದ ಗೂಬೆ

ಭಾವ,

ನಿನ್ನೆ ಕಾಗದವನ್ನು ಅರ್ಧಕ್ಕೆ ನಿಲ್ಲಿಸಿದ್ದು ಸಿಟ್ಟಿಗೆ. ಇನ್ನೊಂದು ಸಾಲು ಬರೆದಿದ್ದರೆ ಬಾಯಿಗೆ ಬಂದಂತೆ ಬೈದುಬಿಡುತ್ತಿದ್ದೆ. ಸತ್ತವರನ್ನು ಬೈಯಬಾರದು ಅಂತಾರೆ. ಇವತ್ತು ಆ ಮರ್ಯಾದೆಯೂ ನನ್ನಲ್ಲಿ ಉಳಿದಿಲ್ಲ. ನಿನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳದೆ ಹೋದೆ.

ನಿನ್ನ ತಂಗಿಯ ವರ್ಷದ ತಿಥಿ ಮುಗಿದ ಮಾರನೆಯ ಬೆಳಿಗ್ಗೆ ನೆನಪಿದೆಯೇ? ಕಡೂರಿನ ನಮ್ಮ ಮನೆಗೆ ಬಂದು ನಿನ್ನ ಹಳೆಯ ಕ್ಯಾಮೆರಾವನ್ನು ನನ್ನ ಕೊರಳಿಗೆ ಹಾಕಿದೆ. “ಹೆಂಡ್ತಿ ಹೋದ್ಲು ಅಂತ ಹಿಂಗೇ ಕೂತ್ರೆ ಹುಳ ಹಿಡೀತೀಯ ಕಣಯ್ಯಾ, ಏಳು” ಅಂದೆ. ಎದ್ದೆ. ಎರಡೇ ನಿಯಮ ಹೇಳಿಕೊಟ್ಟೆ ನೀನು. ಗೂಡಿನ ಜಾಗವನ್ನು ಯಾರಿಗೂ ಹೇಳಬಾರದು. ಯಾರ ಜಮೀನಿನಲ್ಲಿ ಹಕ್ಕಿ ಸಿಕ್ಕಿತೋ ಅವರ ಮನೆಗೆ ಒಂದು ಚಿತ್ರ ಕಟ್ಟು ಹಾಕಿಸಿ ಕೊಡಬೇಕು. ಗೋಡೆಯ ಮೇಲೆ ಹಕ್ಕಿ ಇರುವ ಮನೆಯವರು ಹಕ್ಕಿಗೆ ಕಲ್ಲು ಹೊಡೆಯುವುದಿಲ್ಲ ಅಂತ ನಿನ್ನ ಲೆಕ್ಕ. ಮೂರನೆಯ ನಿಯಮವೊಂದಿತ್ತಲ್ಲ, ಅದನ್ನು ಯಾರಿಗೆ ಹೇಳಬೇಕು ಅಂತ ಇಟ್ಟುಕೊಂಡಿದ್ದೆ?

ನೀನು ಹೋದ ಮೇಲೆ ಈ ವರ್ಷವಿಡೀ ನಿನ್ನ ದಾರಿಯಲ್ಲೇ ತಿರುಗಿದೆ. ಮಳೆಗಾಲದಲ್ಲಿ ತರೀಕೆರೆ ಕಡೆ ಒಂದು ಮಿಂಚುಳ್ಳಿಗಾಗಿ ಮೂರು ದಿನ ಕೆರೆ ಕೋಡಿಯಲ್ಲಿ ನೆನೆದೆ. ಚಳಿಗೆ ಅಜ್ಜಂಪುರದ ಕಾವಲಿನಲ್ಲಿ, ಹುಲ್ಲಿನ ಮೇಲೆ ತೇಲಿಕೊಂಡು ಹೋಗುವ ಆ ಹ್ಯಾರಿಯರ್ ಗಿಡುಗಗಳು. ಅಲ್ಲಿ ಕುರಿ ಕಾಯುವ ತಿಮ್ಮಣ್ಣನಿಗೆ ಒಂದು ಕಟ್ಟು ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿ, “ನಂದೇ ಒಂದ್ ಫೋಟೊ ಇಲ್ಲ ಸಾಮಿ, ಇದ್ಕೆ ಗಾಜು ಬೇರೆ ಕೇಡು” ಅಂದ. ಆದರೂ ಕಂಬಳಿಯಲ್ಲಿ ಸುತ್ತಿಕೊಂಡು ಹೋದ. ನಿನ್ನ ಲೆಕ್ಕ ಸರಿಯಿದೆ ಅಂದುಕೊಂಡೆ.

ಚೌಳಹಿರಿಯೂರಿನ ಆಚೆ, ರುದ್ರಪ್ಪನ ತೆಂಗಿನ ತೋಟದ ಹಿಂದಿನ ಬಂಡೆಗೆ ಮಾಘದಲ್ಲಿ ಹೋದೆ. ಕೊಂಬಿನ ಗೂಬೆ ಹಾಡುಹಗಲಲ್ಲಿ ಎರಡೂ ಕಣ್ಣು ಬಿಟ್ಟುಕೊಂಡು ಕೂತಿತ್ತು, ಬೆನ್ನ ಹಿಂದೆ ಮೂರು ಮರಿ. ಶಾರ್ಪ್ ಅಂದರೆ ಅದು, ಭಾವ, ಒಂದೊಂದು ಗರಿ ಎಣಿಸಬಹುದಿತ್ತು. ನಿನ್ನ ಚಿತ್ರಗಳಲ್ಲಿ ಎಲ್ಲೂ ಗೂಬೆ ಕಂಡಿರಲಿಲ್ಲ. ನಿನಗೆ ಸಿಗದ್ದು ನನಗೆ ಸಿಕ್ಕಿತು ಅಂತ ಎದೆ ಉಬ್ಬಿತು. ಎಲ್ಲಕ್ಕಿಂತ ದೊಡ್ಡ ಕಟ್ಟು ಹಾಕಿಸಿದೆ. ರುದ್ರಪ್ಪನ ನಡುಮನೆಯಲ್ಲಿ ನೀನು ಕೊಟ್ಟ ನವಿಲು ಇತ್ತಲ್ಲ, ಅದರ ಪಕ್ಕದಲ್ಲೇ ನಾನೇ ಮೊಳೆ ಹೊಡೆದು ನೇತುಹಾಕಿದೆ. ಅವನ ಹೆಂಡತಿ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು, ಈಚೆ ಬರಲಿಲ್ಲ. ಅಷ್ಟಾದರೂ ನೋಡಬೇಡವೇ ನಾನು? ಲೆನ್ಸ್ ಹಾಕಿಕೊಂಡು ಅರ್ಧ ಮೈಲಿ ದೂರದ ಹಕ್ಕಿ ಹುಡುಕುವವನು, ಮೂರು ಮಾರು ಆಚೆ ನಿಂತ ಹೆಂಗಸಿನ ಮುಖ...

ಈ ಸೋಮವಾರ ಮತ್ತೆ ಬಂದಾಗ ಬಂಡೆಯ ಕೆಳಗಿನ ಲಂಟಾನ ಪೂರ್ತಿ ಸುಟ್ಟು ಕರಿಯಾಗಿತ್ತು. ಎರಡು ಮರಿ ಅಲ್ಲೇ ಬಿದ್ದಿದ್ದವು. ಮೂರನೆಯದು ಬಂಡೆಯ ಬಿರುಕಿನೊಳಗೆ ಹಿಂದೆ ಹಿಂದೆ ಸರಿದು ಉಳಿದುಕೊಂಡಿತ್ತು. ನೆಟ್ಟಗೆ ರುದ್ರಪ್ಪನ ಜಗಲಿ ಹತ್ತಿ, “ಹೊಟ್ಟೆಗೇನ್ ತಿಂತೀಯಪ್ಪಾ ನೀನು?” ಅಂದೆ.

“ಕೂತ್ಕಳಿ ಸಾರ್. ಅವ್ವ ಒಳಗ್ ಮಲಗೈತೆ, ಮೆಲ್ಲಗ್ ಮಾತಾಡಿ” ಅಂದ. ನಾನು ಕಟ್ಟು ಹಾಕಿ ಹೋದ ವಾರಕ್ಕೆ ಅವನ ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರಂತೆ. ನೋಡಲು ಬಂದ ನೆಂಟರೆಲ್ಲ ಮೊದಲು ನೋಡಿದ್ದು ಗೋಡೆಯನ್ನಂತೆ. ಗೂಬೆ ಜಾಗ ಬಿಟ್ಟು ಹೋಗಲಿ ಅಂತ ಲಂಟಾನಕ್ಕೆ ಬೆಂಕಿ ಇಟ್ಟನಂತೆ. ನಾನು ಕಾಲೇಜಿನ ಜುವಾಲಜಿ ತೆಗೆದೆ. ಗೂಬೆ ಬೆನಿಫಿಷಿಯಲ್ ಬರ್ಡ್, ಇಲಿ ತಿನ್ನುತ್ತೆ, ಸೂಪರ್‌ಸ್ಟಿಷನ್ ಈಸ್ ದಿ... ಅಲ್ಲಿಗೆ ಇಂಗ್ಲಿಷೂ ನಿಂತಿತು.

“ಇಲಿ ತಿನ್ನೋದು ನಂಗೊತ್ತಿಲ್ವಾ?” ಅಂದ ರುದ್ರಪ್ಪ. “ನಮ್ಮಪ್ಪನ ಕಾಲದಿಂದ ಅದು ಬಂಡೇಲಿತ್ತು, ನಾವು ಮನೇಲಿದ್ವಿ. ಒಂದ್ ಕಲ್ಲು ಎಸೆದೋರಲ್ಲ. ಮನೆಯೊಳಕ್ ತಂದೋರು ನೀವು. ನಿಮ್ ಭಾವ ಆ ಗೂಬೇದು ಎಷ್ಟ್ ತೆಗುದ್ರೋ ಲೆಕ್ಕಿಲ್ಲ. ನಮ್ಮನೆಗ್ ಕೊಟ್ಟಿದ್ದು ಮಾತ್ರ ನವಿಲಿಂದು. ಹೋಗ್ಲಿ ಸಾರ್, ನಿಮ್ಮನೇಲಿ ನೇತಾಕಿದ್ದೀರಾ ಇದನ್ನ?”

 ಅದರ ಇನ್ನೊಂದು ಪ್ರತಿ ಪೇಪರ್ ಸುತ್ತಿಕೊಂಡು ನನ್ನ ಮಂಚದ ಕೆಳಗಿದೆ. ಗೋಡೆಯ ಮೇಲೆ ನಿನ್ನ ತಂಗಿ ಇದ್ದಾಳೆ. ಅವಳ ಪಕ್ಕದಲ್ಲಿ ಗೂಬೆ ಹಾಕಲು ನನಗೂ ಕೈ ಬಂದಿರಲಿಲ್ಲ.

ಅಂದರೆ ನೀನು ತೆಗೆದಿದ್ದೆ, ತೆಗೆದು ಬಚ್ಚಿಟ್ಟಿದ್ದೆ. “ಗೂಬೇದು ಮಾತ್ರ ಮನೆಗೆ ಕೊಡಬೇಡ” ಅನ್ನಲು ಎಷ್ಟು ಹೊತ್ತು ಬೇಕಿತ್ತು? ಎಷ್ಟು ಬೆಳಗು ಒಟ್ಟಿಗೆ ಕೂತು ಫ್ಲಾಸ್ಕಿನ ಟೀ ಕುಡಿದಿಲ್ಲ ನಾವು? ಅಪರ್ಚರ್ ಬಗ್ಗೆ ಗಂಟೆಗಟ್ಟಲೆ ಕೊರೆಯುತ್ತಿದ್ದೆಯಲ್ಲ. ಇಷ್ಟು ಸಣ್ಣದು ಇವನಿಗೆ ತಿಳಿಯದೇ ಅಂದುಕೊಂಡೆಯಾ? ಇದೇ ಸೀಮೆಯಲ್ಲಿ ಹುಟ್ಟಿದವನು ನಾನು, ತಿಳಿಯಬೇಕಿತ್ತು. ಅದಕ್ಕೇ ಈ ಸಿಟ್ಟು ಇಳಿಯುತ್ತಿಲ್ಲ. ನಿನ್ನ ಮೇಲೆ ಎಸೆದದ್ದು ತಿರುಗಿ ನನಗೇ ಬಡಿಯುತ್ತಿದೆ. ರುದ್ರಪ್ಪನನ್ನೂ ಕ್ಷಮಿಸಿಲ್ಲ. ಕಟ್ಟನ್ನು ತೆಗೆದು ತಿಪ್ಪೆಗೆ ಎಸೆದಿದ್ದರೆ ಸಾಕಿತ್ತು, ಬೆಂಕಿ ಯಾಕೆ?

ಕೊನೆಗೆ ಅವನೇ ಒಂದು ಮಾತಿಗೆ ಬಂದ. “ಉಳಿದಿರೋದು ಹಾರೋವರ್ಗೂ ಬಂಡೆ ತಂಟೆಗೆ ಹೋಗಲ್ಲ. ನೀವೂ ಕ್ಯಾಮೆರಾ ತರಂಗಿಲ್ಲ.” ಒಪ್ಪಿದೆ. ಆ ಮನೆಯಲ್ಲಿ ಯಾರೂ ಮುಟ್ಟಲು ಒಪ್ಪದೆ ಗೋಡೆಯ ಮೇಲೇ ಬಿಟ್ಟಿದ್ದ ಕಟ್ಟನ್ನು ನಾನೇ ಇಳಿಸಿಕೊಂಡು ಬಂದೆ.

ನಾಲ್ಕು ದಿನದಿಂದ ಬರಿಗೈಯಲ್ಲಿ ಬಂದು ಈ ಹುಣಸೆಮರದ ಕೆಳಗೆ ಕೂರುತ್ತಿದ್ದೇನೆ. ಬಂಡೆ ದೂರದಲ್ಲಿ ಕಾಣುತ್ತದೆ. ಮರಿ ಇನ್ನೂ ಬದುಕಿದೆ ಅಂದರೆ ತಾಯಿ ಬರುತ್ತಿರಬೇಕು. ನಾನಂತೂ ಕಂಡಿಲ್ಲ, ಅದು ಬರುವ ಹೊತ್ತಿಗೆ ಕಡೂರಿನ ಕೊನೆಯ ಬಸ್ಸಿಗೆ ಓಡುತ್ತಿದ್ದೆ. ಇವತ್ತು ಬಸ್ಸನ್ನು ಬಿಟ್ಟೆ. ತಾಯಿ ಹೊಗೆಗೆ ಹೆದರಿ ಗೂಡು ಬಿಟ್ಟೇಹೋಗಿದ್ದರೆ ನಾಳೆ ಏನು ಮಾಡಬೇಕೋ ಗೊತ್ತಿಲ್ಲ. ಯಾರನ್ನು ಕೇಳಲಿ? ಕೇಳುತ್ತಿದ್ದದ್ದು ನಿನ್ನನ್ನು.

ಈಗ ಮರಿ ಬಿರುಕಿನಿಂದ ಹೊರಗೆ ಬಂದು ಅಂಚಿನಲ್ಲಿ ನಿಂತಿದೆ. ಬುಸುಗುಡುವ ಸದ್ದು ಇಲ್ಲಿಗೂ ಕೇಳುತ್ತಿದೆ, ಹಸಿದಿರಬೇಕು. ತೋಟದ ಕಡೆಗೇ ಕತ್ತು ತಿರುಗಿಸಿಕೊಂಡಿದೆ. ಅಲ್ಲೇನೋ ಹಾರಿದಂತಾಯಿತು. ಬಾವಲಿಯೋ ಏನೋ, ಬೆಳಕು ಹೋಗುತ್ತಿದೆ ಭಾವ, ನಾನು ಬರೆದದ್ದೇ ನನಗೆ ಕಾಣ...