ಗ್ಲೌಸಿಗೆ ತಾಗಿದ ಕೂಡಲೇ

ಅಪ್ಪನಿಗೆ,

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುತ್ತಾಳೆ ಎಂದು ನಗಬೇಡಿ. ಕಳೆದ ಭಾನುವಾರದಿಂದ ನೀವು ಊಟದ ತಟ್ಟೆಯ ಜೊತೆ ಮಾತ್ರ ಮಾತಾಡುತ್ತಿದ್ದೀರಿ.

ಅವತ್ತಿನ ಸಾಫ್ಟ್‌ಬಾಲ್ ಪಂದ್ಯಕ್ಕೆ ನೀವು ಅಂಪೈರ್, ನಾನು ಮೂರನೇ ಬೇಸಿನಲ್ಲಿ ಓಟಕ್ಕೆ ಕಾದು ನಿಂತವಳು. ನಮ್ಮವಳು ಹೊಡೆದು ಮೇಲೆದ್ದ ಚೆಂಡು ಎದುರು ತಂಡದ ಹುಡುಗಿಯ ಗ್ಲೌಸಿಗೆ ತಾಗಿ, ಪುಟಿದು, ಮತ್ತೆ ಅವಳಿಗೇ ಸಿಕ್ಕಿತು. ತಾಗಿದ ಕೂಡಲೇ ನಾನು ಓಡಿ ರನ್ನಿಗಾಗಿ ಹೋಮ್ ಬೇಸ್ ಮುಟ್ಟಿದೆ. ಬೇಗ ಓಡಿದಳೆಂದು ಅವರು ಕೂಗಿದರು, ನೀವು ಔಟ್ ಕೊಟ್ಟಿರಿ.

ಚೆಂಡು ತಾಗುವವರೆಗೆ ಬೇಸಿನ ಮೇಲೆ ಕಾಲಿರಬೇಕು, ತಾಗಿದ ಮೇಲೆ ಓಡಬಹುದು, ಹಿಡಿತ ಗಟ್ಟಿಯಾಗುವ ತನಕ ಕಾಯಬೇಕಿಲ್ಲ. ಅಂಗಳದಲ್ಲಿ ಗೋಣಿಚೀಲವನ್ನೇ ಬೇಸ್ ಮಾಡಿ ಇದನ್ನು ನನಗೆ ಕಲಿಸಿದವರು ನೀವೇ. ಮಗಳೆಂದು ಬಿಟ್ಟುಕೊಟ್ಟರು ಅಂತ ಜನ ಆಡಿಕೊಂಡಾರು ಎಂದು ಹೆದರಿದಿರಿ, ಅಷ್ಟೇ.

"ನಿಮ್ಮಪ್ಪ ಇನ್ಮೇಲೆ ಅಂಪೈರ್ ಕೆಲಸ ಬೇಡ ಅಂತಿದಾರೆ ಕಣೇ" ಎಂದಳು ಅಮ್ಮ. ಅದು ಆಗದ ಮಾತು. ನಾಳಿನ ಫೈನಲ್‌ಗೆ ನೀವೇ ನಿಲ್ಲಬೇಕು. ಟೋಪಿ ಒಗೆದು ಬಾಗಿಲ ಹಿಂದೆ ನೇತುಹಾಕಿದ್ದೇನೆ. ನನ್ನ ಕಾಲೂ ಅವರ ಗ್ಲೌಸೂ ಒಟ್ಟಿಗೆ ಕಾಣುವ ಕಡೆ ನಿಂತುಕೊಳ್ಳಿ. ಬೇಗ ಓಡಿದರೆ ಔಟ್ ಕೊಡಿ, ತುಟಿ ಪಿಟಕ್ಕೆನ್ನುವುದಿಲ್ಲ. ಆದರೆ ನಾಳೆಯೂ ನಾನು ತಾಗಿದ ಕೂಡಲೇ ಓಡುವವಳೇ. ನೀವು ಕಲಿಸಿದ್ದನ್ನು ನಿಮಗೆ ಹೆದರಿ ಬಿಡಲಾರೆ.

ಇನ್ನೊಂದು ಮಾತು. ಹೋದ ಸಲ ಜನ ನೋಡುತ್ತಾರೆಂದು ನನ್ನನ್ನು ಬಸ್ಸಿಗೆ ಕಳಿಸಿದಿರಿ. ನಾಳೆ ನಿಮ್ಮ ಸ್ಕೂಟರಿನಲ್ಲೇ, ನಿಮ್ಮ ಹಿಂದೆ ಕೂತೇ ಬರುತ್ತೇನೆ. ನೋಡುವವರು ನೋಡಲಿ.

ಪಕ್ಕದ ಕೋಣೆಯಿಂದ,
ನಿಮ್ಮ ಮಗಳು