ಅಂಚೆ ಮತ ನನಗೆ, ಗೇಟು ಸುಬ್ಬಿಯವರಿಗೆ

ಮಾನ್ಯ ಚುನಾವಣಾಧಿಕಾರಿಗಳೇ,

ಕೊರೊನಾ ಕಾಲದ ಪಂಚಾಯತಿ ಚುನಾವಣೆಯಲ್ಲಿ ಸೋಂಕಿನಿಂದಾಗಿ ಒಬ್ಬರ ಮತವೂ ತಪ್ಪಲಿಲ್ಲ, ಆದ್ದರಿಂದ ಇನ್ನು ಮುಂದೆ ಅಂಥ ಕಾಲ ಬಂದರೂ ರೋಗಿಗಳಿಗೆ ಅಂಚೆ ಮತಪತ್ರ ಬೇಕಿಲ್ಲ ಎಂದು ಕಳೆದ ತಿಂಗಳು ಕುಮಟಾದ ಸಭೆಯಲ್ಲಿ ತಾವು ಅಪ್ಪಣೆ ಕೊಡಿಸಿದಿರಿ. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಕುಳಿತು ನಾನೂ ತಟ್ಟಿದೆ. ತಮ್ಮ ಮಾತು ಸುಳ್ಳೆಂದು ಆ ಸಭೆಯಲ್ಲಿ ಖಚಿತವಾಗಿ ಗೊತ್ತಿದ್ದವನು ಬಹುಶಃ ನಾನೊಬ್ಬನೇ. ಒಂದು ಮತ ತಪ್ಪಿತ್ತು. ತಪ್ಪಿಸಿದವನು ನಾನು.

ಆಗ ನಾನು ಮುಖ್ಯಾಧ್ಯಾಪಕ. ಹೊನ್ನಾವರ ತಾಲೂಕಿನ ಕಡಲಂಚಿನ ಒಂದು ಶಾಲೆಯ ಮತಗಟ್ಟೆಗೆ ನನ್ನನ್ನು ಅಧ್ಯಕ್ಷಾಧಿಕಾರಿಯಾಗಿ ಹಾಕಿದ್ದಿರಿ. ನನ್ನ ಸ್ವಂತ ಮತಕ್ಕೆ ತೊಂದರೆಯಾಗಬಾರದೆಂದು ಅಂಚೆ ಮತಪತ್ರ ಕೈಗೇ ಬಂತು. ತರಬೇತಿ ಸಭಾಂಗಣದಲ್ಲಿ, ಪಕ್ಕದ ಮಾಸ್ತರರು ಇಣುಕುತ್ತಿರುವಾಗಲೇ ಗುರುತು ಹಾಕಿ ಲಕೋಟೆ ಅಂಟಿಸಿದೆ. ಗೌಪ್ಯತೆ ಹೋಯಿತೆಂದು ಯಾರೂ ಕಣ್ಣೀರು ಹಾಕಲಿಲ್ಲ. ಸೋಂಕಿತರಿಗೋ ಮತದಾನದ ಕೊನೆಯ ಒಂದು ತಾಸು, ನಾಲ್ಕರಿಂದ ಐದು. ಆಶಾ ಕಾರ್ಯಕರ್ತೆಯೇ ಅವರನ್ನು ಕರೆತರಬೇಕು. ಅಂಚೆ ಮತ ಕೇಳಿದವರಿಗೆ ನಮ್ಮಲ್ಲಿ ಸಿಕ್ಕ ಉತ್ತರ, ‘ಅರ್ಜಿದಾರರು ಖುದ್ದಾಗಿ ಹಾಜರಾಗತಕ್ಕದ್ದು.’ ಮನೆಯಿಂದ ಹೊರಬೀಳಬಾರದವರು ಕಚೇರಿಗೆ ಖುದ್ದಾಗಿ! ಇದನ್ನು ಬರೆದ ಮೇಧಾವಿಗೆ ಬಡ್ತಿ ಸಿಕ್ಕಿರಬೇಕು.

ಸುಬ್ಬಿಯವರು ಮೀನು ಮಾರುವ ಹೆಂಗಸು. ವಯಸ್ಸು ಅರವತ್ತರ ಮೇಲೆ. ಸೋಂಕು ತಗಲಿ ಮನೆಯಲ್ಲೇ ಇದ್ದರು. ಅವರ ತಂಗಿಯ ಮಗಳು ದಿವ್ಯಶ್ರೀ ಅವರ ಮೀನುಗಾರರ ಕೇರಿಯಿಂದ ಚುನಾವಣೆಗೆ ನಿಂತ ಮೊದಲ ಹುಡುಗಿ. ಕರೆತರಬೇಕಿದ್ದ ಆಶಾ ಕಾರ್ಯಕರ್ತೆ ದೀಪಿಕಾ, ಉಸಿರಾಟ ಕೆಟ್ಟ ಇನ್ನೊಬ್ಬರನ್ನು ಆಂಬುಲೆನ್ಸಿಗೆ ಹತ್ತಿಸಲು ಹೋಗಿದ್ದಳು. ಕಾದೂ ಕಾದೂ ಸುಬ್ಬಿಯವರು ಮುಖಕ್ಕೆ ಸೆರಗು ಸುತ್ತಿಕೊಂಡು ಒಬ್ಬರೇ ನಡೆದು ಬಂದರು.

ತಾವು ಕಳಿಸಿದ ಪೆಟ್ಟಿಗೆಯಲ್ಲಿ ನಾಲ್ವರು ಸಿಬ್ಬಂದಿಗೆ ಒಂದೇ ರಕ್ಷಾಕವಚವಿತ್ತು, ಅದೂ ಕಂಕುಳಲ್ಲಿ ಹರಿದದ್ದು. ನನ್ನ ಹೆಂಡತಿಗೆ ದಮ್ಮು. ಇವೆಲ್ಲ ಕಾರಣಗಳು, ಸಮರ್ಥನೆಯಲ್ಲ. ಗೇಟಿನಾಚೆ ಅವರನ್ನು ಕಂಡವನೇ ನಾನು ಹೊರಗೆ ಓಡಿದೆ. ಏಜೆಂಟರು ಒಳಗಿದ್ದರು, ಅವರಿಗೆ ಏನೂ ಕೇಳಿಸಲಿಲ್ಲ.

“ಟೈಮ್ ಮುಗದೋತು. ಐದು ಹೊಡದಾತು,” ಎಂದೆ.

ಐದಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಸರದಿಯಲ್ಲಿ ಒಬ್ಬರೂ ಇರಲಿಲ್ಲ.

“ಹೌದಾ ಮಾಸ್ತರ್ರೇ? ನಂದೇ ತಪ್ಪು. ನಡೂಕೆ ಆಗ್ಲಿಲ್ಲ, ದಾರಿ ಮೇಲೆ ಎರಡ್ ಸಲ ಕೂತೆ. ನಿಮ್ಗೆ ಸುಮ್ನೆ ತ್ರಾಸು ಕೊಟ್ಟೆ,” ಎಂದು ಕೈಮುಗಿದು ಅವರು ಹೊರಟುಹೋದರು. ನಾನು ಒಳಗೆ ಬಂದು ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡೆ. ಕೊನೆಗೆ ವರದಿಯಲ್ಲಿ ‘ಮತದಾನ ಶಾಂತಿಯುತ’ ಎಂದು ಬರೆದೆ.

ಎಣಿಕೆಯಲ್ಲಿ ದಿವ್ಯಶ್ರೀಗೂ ಎದುರಾಳಿಗೂ ಸಮ ಮತ ಬಂತು. ಚೀಟಿ ಎತ್ತಿದರು. ದಿವ್ಯಶ್ರೀ ಸೋತಳು. ಸುದ್ದಿ ಕೇಳಿದೆ, ಸುಮ್ಮನಿದ್ದೆ. ನಿವೃತ್ತನಾಗಿ ಪಿಂಚಣಿ ಶುರುವಾಗುವವರೆಗೂ ಸುಮ್ಮನಿದ್ದೆ. ತಮ್ಮ ಸಭೆ ಮುಗಿದ ದಿನ ಬಸ್ ಸ್ಟ್ಯಾಂಡಿನಲ್ಲಿ ದೀಪಿಕಾ ಸಿಕ್ಕಳು. “ಸುಬ್ಬಕ್ಕನ್ನ ಕೇರಿಯವ್ರು ಇನ್ನೂ ಬಿಟ್ಟಿಲ್ಲ ಸರ್,” ಎಂದಳು. “ಅವ್ಳು ಹೊತ್ತಿಗೆ ಸರಿಯಾಗಿ ಹೋಗಿದ್ರೆ ಹುಡುಗಿ ಗೆಲ್ತಿತ್ತು ಅಂತ ಈಗ್ಲೂ ಆಡ್ಕಂತ್ರು. ತಂಗಿ ಮಾತು ಬಿಟ್ಟು ಐದು ವರ್ಷ ಆತು.”

ನನ್ನ ಸುಳ್ಳನ್ನು ಆಕೆ ಐದು ವರ್ಷ ತನ್ನ ತಪ್ಪೆಂದು ಹೊತ್ತುಕೊಂಡಿದ್ದರು. ಮರುದಿನವೇ ಹೋದೆ. ಅಂಗಳದಲ್ಲಿ ಸಿಗಡಿ ಒಣಹಾಕುತ್ತಿದ್ದರು. ನಿಂತಲ್ಲೇ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಕೈ ಒರೆಸಿಕೊಂಡು ನನ್ನನ್ನು ತಂಗಿಯ ಮನೆಗೆ ಕರೆದೊಯ್ದರು. ಹೊಸ್ತಿಲ ಹೊರಗೇ ನಿಂತು ದಿವ್ಯಶ್ರೀಯನ್ನು ಕೂಗಿದರು.

“ಇವ್ಳ ಎದ್ರಿಗೆ ಹೇಳಿ ಮಾಸ್ತರ್ರೇ.”

ಹೇಳಿದೆ. ಒಳಗಿನಿಂದ ತಂಗಿ ಬಂದು ಬಾಗಿಲಲ್ಲಿ ನಿಂತು ಕೇಳಿದರು. ಅಕ್ಕನ ಮುಖ ನೋಡಲಾರದೆ ಕಂಬ ಹಿಡಿದು ಅತ್ತರು. ದಿವ್ಯಶ್ರೀ ನನ್ನನ್ನೇ ದಿಟ್ಟಿಸಿ, “ನಮ್ಗೆ ಹೇಳಿ ಎಂತ ಬಂತು ಸರ್? ದೊಡ್ಡಮ್ಮನ್ನ ಆಡ್ಕಂಡದ್ದು ಇಡೀ ಊರು,” ಎಂದಳು. ಅದಕ್ಕಾಗಿಯೇ ಈ ಪತ್ರ ಪತ್ರಿಕೆಯಲ್ಲಿ ಬರುತ್ತಿದೆ.

ಮನೆಯಲ್ಲಿ ಮತ ಹಾಕಿದರೆ ಗಂಡ, ಮಗ, ಪುಢಾರಿ ಕೈ ಹಿಡಿದು ಹಾಕಿಸುತ್ತಾರೆ ಎನ್ನುವಿರಿ. ಆ ಭಯ ಸುಳ್ಳಲ್ಲ. ಆದರೆ ಅದೇ ಲಕೋಟೆಯನ್ನು ನನ್ನಂಥವನಿಗೆ ಕೊಡುವಾಗ ಆ ಭಯ ಎಲ್ಲಿಗೆ ಹೋಗಿತ್ತು? ವಿಧಾನಸಭೆಯ ಚುನಾವಣೆಯಲ್ಲಿ ವಯೋವೃದ್ಧರ ಮನೆಗೇ ಪೆಟ್ಟಿಗೆ ಒಯ್ದಿರಲ್ಲ, ಆಗ ಗೌಪ್ಯತೆಗೆ ಅಡ್ಡಪರದೆ ಸಿಕ್ಕಿತಲ್ಲವೇ? ಭಟ್ಕಳದ ಓಣಿಗಳನ್ನು ಬಂದ್ ಮಾಡಿದ್ದಾಗ ಹಾಲು, ಮಾತ್ರೆ ಬಾಗಿಲಿಗೆ ಮುಟ್ಟಿದವು. ಹಾಲು ಹೋದ ಬಾಗಿಲಿಗೆ ಒಂದು ಮತಪತ್ರ ಹೋಗಲಾರದೇ? ಗೇಟಿನಲ್ಲಿ ನಿಂತ ಒಬ್ಬ ಹೆದರಿದ ಮಾಸ್ತರನಿಗಿಂತ ಅಂಚೆಯಣ್ಣ ಹೆಚ್ಚು ಅಪಾಯಕಾರಿಯೇ?

ಆದ್ದರಿಂದ ಕೇಳುತ್ತೇನೆ. ಕಾಯಿಲೆಯಿಂದ ಮನೆಯಲ್ಲಿ ಉಳಿದವರಿಗೆ ಪಂಚಾಯತಿ ಚುನಾವಣೆಯಲ್ಲೂ ಅಂಚೆ ಮತವನ್ನೋ ಮನೆ ಮತದಾನವನ್ನೋ ಕೊಡಲು ಮೇಲಿನವರಿಗೆ ಬರೆಯಿರಿ. ನನ್ನ ಮೇಲೆ ವಿಚಾರಣೆ ನಡೆಸಿ, ಕರೆದಾಗ ಬರುತ್ತೇನೆ. ಇವೆರಡಕ್ಕೂ ಕಾಲ ಹಿಡಿಯುತ್ತದೆಂದು ಬಲ್ಲೆ. ಆದರೆ ಈ ವಾರವೇ ಆಗಬಹುದಾದ ಕೆಲಸವೊಂದಿದೆ. ಆ ಪಂಚಾಯತಿಯ ನೋಟಿಸ್ ಬೋರ್ಡಿಗೆ, ತಮ್ಮ ಸಹಿ, ಮೊಹರಿನೊಂದಿಗೆ, ಒಂದೇ ಸಾಲು ಅಂಟಿಸಿ: ಸುಬ್ಬಿಯವರು ಸಮಯಕ್ಕೆ ಸರಿಯಾಗಿ ಬಂದಿದ್ದರು.

ಇಂತಿ,
ಬಾಯಿ ಬಿಡಲು ಐದು ವರ್ಷ ತೆಗೆದುಕೊಂಡ
ವಿಘ್ನೇಶ್ವರ ಮಾಸ್ತರ
ಕುಮಟಾ