ತುಳುಕದ ಮಜ್ಜಿಗೆ

ಹೂಲಿ, ೧೯೭೪

ಅಪ್ಪಾ,

ಗೆದ್ದುಬಿಟ್ಟೆ! ಲಾರಿ ಓಡಿಸಿ ರೂಢಿಯಾದ ನೀನು ನಮ್ಮ ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರಿಗೂ ಲಾರಿಯ ಹಾಗೆ ಸ್ಪ್ರಿಂಗಿನ ಹೆಚ್ಚಿನ ಕಮಾನು ಪಟ್ಟಿಗಳನ್ನು ಬಿಗಿದು ಗಡುಸು ಮಾಡಿದ್ದೆಯಲ್ಲ, ಅವನ್ನೆಲ್ಲ ಕಿತ್ತು ಹಾಕಿದೆ. ಉಳಿದ ಪಟ್ಟಿಗಳ ನಡುವೆ ಗ್ರೀಸ್ ತುಂಬಿದೆ, ಟೈರಿನ ಗಾಳಿಯನ್ನೂ ಇಳಿಸಿದೆ.

ಇವತ್ತು ಅವ್ವನನ್ನು ಪಕ್ಕದಲ್ಲಿ ಕೂಡಿಸಿ, ಅವಳ ತೊಡೆಯ ಮೇಲೆ ಅಂಚಿನವರೆಗೆ ಮಜ್ಜಿಗೆ ತುಂಬಿದ ಗಡಿಗೆ ಇಟ್ಟು ಸವದತ್ತಿಗೆ ಹೊರಟೆ.

"ಸಾವಕಾಶ ಹೊಡಿಯೋ, ಹೊಸಾ ಸೀರಿ ಹಾಳಾಗತೈತಿ!" ಎಂದು ಚೀರಿದಳು.

ನಾನು ಕೇಳಲಿಲ್ಲ. ಯಾವಾಗಲೂ ಹಿಂಬದಿ ಜಾರುತ್ತಿದ್ದ ಆ ದೊಡ್ಡ ತಿರುವಿನಲ್ಲೂ ಕಾರು ದಾರಿ ಬಿಡಲಿಲ್ಲ. ಒಂದು ಹನಿಯೂ ತುಳುಕಲಿಲ್ಲ! ಅವ್ವ ಒದ್ದೆಯಾಗದ ಸೆರಗನ್ನು ಮುಟ್ಟಿ ಮುಟ್ಟಿ ನಕ್ಕಳು.

ನಿನ್ನನ್ನು ದವಾಖಾನೆಗೆ ಒಯ್ಯುವಾಗ ಅದೇ ತಿರುವಿನಲ್ಲಿ ನೀನು ಹಲ್ಲು ಕಚ್ಚಿಕೊಂಡು, "ಗಾಡಿ ಗಟ್ಟಿ ಐತಿ, ಹೊಡಿ" ಎಂದಿದ್ದೆ.

ಈಗ ಮೆತ್ತಗೂ ಇದೆ, ಅಪ್ಪಾ.